ಈಜು ಕಲಿತ ಮಗು ನೀರಿನಲ್ಲಿ ಎಷ್ಟು ಸುರಕ್ಷಿತ? ಪರೀಕ್ಷಿಸುವ ಕ್ರಮ

ಬೇಸಿಗೆ ರಜೆಯ ಈಜು ಶಿಬಿರ ಮುಗಿಯುವ ದಿನ ಬಹಳಷ್ಟು ಕಡೆ ಒಂದೇ ಬಗೆಯ ಪರೀಕ್ಷೆ ನಡೆಯುತ್ತದೆ. ಮಕ್ಕಳನ್ನು ಕೊಳದ ಒಂದು ತುದಿಯಲ್ಲಿ ಸಾಲಾಗಿ ನಿಲ್ಲಿಸಿ, ಸೀಟಿ ಊದಿ, ಇನ್ನೊಂದು ತುದಿ ಮುಟ್ಟಿದವರಿಗೆಲ್ಲ ಪ್ರಮಾಣಪತ್ರ ಕೊಟ್ಟು ಕಳಿಸಲಾಗುತ್ತದೆ. ಅದನ್ನು ಕಂಡ ಪೋಷಕರು ಮಗುವಿಗೆ ಈಜು ಬಂತೆಂದು ನಿಶ್ಚಿಂತರಾಗುತ್ತಾರೆ. ಜಾತ್ರೆಗೆಂದು ಊರಿಗೆ ಹೋದಾಗ ಕಲ್ಯಾಣಿಗೋ ಹೊಳೆಗೋ ಇಳಿಯಲು ಬಿಡುತ್ತಾರೆ. ಆದರೆ ಗಾಗಲ್ಸ್ ಹಾಕಿಕೊಂಡು, ಗೋಡೆಯನ್ನು ಕಾಲಿನಿಂದ ಒದ್ದು ಹೊರಟು, ತಳ ಕಾಣುವ ತಿಳಿನೀರಿನಲ್ಲಿ ಒಂದು ಉದ್ದ ಈಜುವುದೇ ಬೇರೆ, ಕಾಲು ಜಾರಿ ಆಳಕ್ಕೆ ಬಿದ್ದಾಗ ಮೇಲೆ ಬಂದು, ಉಸಿರೆಳೆದುಕೊಂಡು, ದಡ ಯಾವ ಕಡೆಗಿದೆ ಎಂದು ಹುಡುಕುವುದೇ ಬೇರೆ. ಅಂದುಕೊಂಡಂತೆ ನಡೆಯದ ಹೊತ್ತಿನಲ್ಲಿ ಮಗು ಏನು ಮಾಡುತ್ತದೆ ಎಂಬುದನ್ನು ತೋರಿಸದ ಪರೀಕ್ಷೆಯನ್ನು ಸುರಕ್ಷತೆಯ ಪರೀಕ್ಷೆ ಎನ್ನಲಾಗದು. ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ಶಿಬಿರದ ತರಬೇತುದಾರರು ಅನುಸರಿಸಬಹುದಾದ ಒಂದು ಕ್ರಮ ಇಲ್ಲಿದೆ.

ನೀರಿಗಿಳಿಸುವ ಮುನ್ನ

ಪರೀಕ್ಷೆಗೆ ಮೊದಲೇ ಪೋಷಕರಿಂದ ಲಿಖಿತ ಮಾಹಿತಿ ಪಡೆಯಬೇಕು. ಮಗುವಿಗೆ ಫಿಟ್ಸ್ ಬರುತ್ತದೆಯೇ, ಆಸ್ತಮಾ ಅಥವಾ ಹೃದಯದ ತೊಂದರೆ ಇದೆಯೇ, ಕಿವಿ ಸೋರುತ್ತದೆಯೇ, ಹಿಂದೆ ಎಂದಾದರೂ ನೀರಿನಲ್ಲಿ ಸಿಲುಕಿ ಹೆದರಿದ್ದುಂಟೇ ಎಂಬ ಪ್ರಶ್ನೆಗಳು ಅದರಲ್ಲಿರಲಿ. ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ, ಆದರೆ ಆಳದ ಅಂಚಿಗೆ ಬಂದ ಕೂಡಲೇ ಮರಗಟ್ಟಿ ನಿಲ್ಲುವ ಮಗುವಿನ ಕಾರಣ ಅನೇಕ ಸಲ ಅದರ ಉತ್ತರದಲ್ಲೇ ಸಿಗುತ್ತದೆ.

ಅಂಕ ಬರೆಯುವವರೇ ಕಾವಲುಗಾರರೂ ಆಗಬಾರದು. ಹಾಳೆ ನೋಡಿ ತಲೆಯೆತ್ತುವಷ್ಟರಲ್ಲಿ ಮಗು ಮುಳುಗಿರಬಹುದು. ಮುಳುಗುವವರು ಸಾಮಾನ್ಯವಾಗಿ ಕೂಗುವುದೂ ಇಲ್ಲ, ಕೈ ಬೀಸುವುದೂ ಇಲ್ಲ, ಏಕೆಂದರೆ ಬಾಯಿ ನೀರಿನ ಮೇಲಿರುವ ಅರೆಗಳಿಗೆಯಲ್ಲಿ ಅವರಿಗೆ ಉಸಿರೆಳೆದುಕೊಳ್ಳಲಷ್ಟೇ ಸಮಯವಿರುತ್ತದೆ ಮತ್ತು ಕೈಗಳು ತಾವಾಗಿಯೇ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಆದ್ದರಿಂದ ಸಿ.ಪಿ.ಆರ್. (ಉಸಿರು ನಿಂತವರಿಗೆ ಎದೆ ಒತ್ತಿ, ಬಾಯಿಂದ ಉಸಿರು ಕೊಡುವ ಪ್ರಥಮ ಚಿಕಿತ್ಸೆ) ಬಲ್ಲ ಇನ್ನೊಬ್ಬರು ಕೊಳದ ಮೇಲೆ ಕಣ್ಣಿಟ್ಟು ನಿಂತಿರಬೇಕು. ಅವರ ಕೈಗೆ ಸಿಗುವಂತೆ ಉದ್ದನೆಯ ಗಳುವೂ ಹಗ್ಗ ಕಟ್ಟಿದ ಟ್ಯೂಬೂ ಇರಬೇಕು. ಆಳದಲ್ಲಿ ಒಮ್ಮೆಗೆ ಒಂದೇ ಮಗು. ನೀರು ಕಲಕಿ ತಳ ಕಾಣದಂತಾಗಿದ್ದರೆ ಅಂದಿನ ಪರೀಕ್ಷೆಯನ್ನು ಮುಂದೂಡುವುದೇ ಸರಿ.

ಮೊದಲು ಉಸಿರು

ಆರಂಭ ಎದೆಮಟ್ಟದ ನೀರಿನಲ್ಲಾಗಲಿ, ಗಾಗಲ್ಸ್ ಇಲ್ಲದೆ ಆಗಲಿ. ಮುಖವನ್ನು ನೀರಿನಲ್ಲಿಟ್ಟು ಗುಳ್ಳೆ ಬಿಡುವುದು, ತಲೆಯೆತ್ತಿ ಬಾಯಿಯಿಂದ ಉಸಿರು ತೆಗೆದುಕೊಳ್ಳುವುದು, ಮತ್ತೆ ಮುಖ ಇಡುವುದು: ಇದನ್ನು ನಿಲ್ಲಿಸದೆ ಹತ್ತು ಸಲ ಮಾಡಲು ಹೇಳಿ. ಇಲ್ಲಿ ನೋಡಬೇಕಾದ್ದು ಮಗುವಿನ ಕೈಗಳನ್ನು. ತಲೆ ಮೇಲೆ ಬಂದಾಗಲೆಲ್ಲ ಎರಡೂ ಅಂಗೈಯಿಂದ ಮುಖ ಒರೆಸಿಕೊಳ್ಳುವ ಮಗು, ಉದ್ದಕ್ಕೆ ಈಜಬಲ್ಲದಾದರೂ, ಆಳದಲ್ಲಿ ನಂಬಲರ್ಹವಲ್ಲ. ನೀರು ಕಣ್ಣಿಗೆ ಬಿದ್ದ ಕ್ಷಣ ಅದರ ಕೈಗಳು ಈಜುವುದನ್ನು ಬಿಟ್ಟು ಮುಖಕ್ಕೆ ಹೋಗುತ್ತವೆ.

ಉಸಿರನ್ನು ಎಷ್ಟು ಹೊತ್ತು ಹಿಡಿಯಬಲ್ಲರೆಂದು ಎಣಿಸುವ ರೂಢಿಯನ್ನು ಮಾತ್ರ ಕೈಬಿಡಲೇಬೇಕು. ಪಂದ್ಯ ಕಟ್ಟಿ, ಜೋರಾಗಿ ಹಲವು ಸಲ ಉಸಿರೆಳೆದು ಮುಳುಗುವ ಹುಡುಗನ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿರುತ್ತದೆ. ಉಸಿರಾಡಬೇಕೆಂಬ ಒತ್ತಡ ಹುಟ್ಟುವುದೇ ಆ ಅನಿಲದಿಂದ. ಅದಿಲ್ಲದಿದ್ದಾಗ ಆಮ್ಲಜನಕ ಮುಗಿಯುತ್ತಿರುವುದು ಅವನ ಅರಿವಿಗೇ ಬಾರದೆ, ನೀರಿನಡಿಯಲ್ಲೇ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜುವವರೇ ಹೀಗೆ ಸಾಯುವುದುಂಟು.

ತೇಲುವುದು, ಹೊರಳುವುದು

ಎರಡನೆಯ ಹಂತದಲ್ಲಿ ಅಂಗಾತ ತೇಲಿಸಿ ನೋಡಬೇಕು. ಗುರಿ ಒಂದು ನಿಮಿಷ. ಮೈಯಲ್ಲಿ ಕೊಬ್ಬು ಕಡಿಮೆಯಿರುವ ತೆಳ್ಳಗಿನ ಹುಡುಗರ ಕಾಲುಗಳು ಕೆಳಗಿಳಿಯುವುದು ಸಹಜವಾದ್ದರಿಂದ, ದೇಹ ಹಲಗೆಯಂತೆ ಅಡ್ಡವಾಗಿ ನಿಲ್ಲಲಿಲ್ಲವೆಂದು ಅಂಕ ಕಳೆಯುವುದು ಅನ್ಯಾಯ. ಕಾಲು ಇಳಿದಿದ್ದರೂ ಮೂಗು, ಬಾಯಿ ನೀರಿನ ಮೇಲಿದ್ದು, ಕಿವಿ ನೀರಿನೊಳಗಿದ್ದು, ಉಸಿರಾಟ ಸಮವಾಗಿದ್ದರೆ ಅಷ್ಟೇ ಸಾಕು. ತೇಲಲಾಗದ ಮಗುವಿಗೆ ಗಲ್ಲ ಮೇಲೆತ್ತಿ, ಎದೆ ತುಂಬ ಉಸಿರು ತುಂಬಿಕೊಂಡು, ಕೈಗಳನ್ನು ನೀರಿನೊಳಗೇ ತಲೆಯ ಹಿಂದಕ್ಕೆ ಚಾಚಲು ಹೇಳಿ ಇನ್ನೊಂದು ಅವಕಾಶ ಕೊಡಿ. ತೂಕ ತಲೆಯ ಕಡೆಗೆ ಸರಿದು ಕಾಲುಗಳು ತುಸು ಮೇಲೇಳುತ್ತವೆ.

ತೇಲುವುದಕ್ಕಿಂತ ಹೆಚ್ಚು ತಿಳಿಸಿಕೊಡುವುದು ಹೊರಳುವ ಪರೀಕ್ಷೆ. ಬೋರಲಾಗಿ ಈಜುತ್ತಿರುವ ಮಗುವಿಗೆ ನಡುವೆ ಸೀಟಿ ಊದಿದರೆ, ಅದು ಕಾಲನ್ನು ತಳಕ್ಕೆ ತಾಗಿಸದೆ ಅಂಗಾತವಾಗಿ, ಐದಾರು ಉಸಿರು ತೆಗೆದುಕೊಂಡು, ಮತ್ತೆ ಹೊರಳಿ ಮುಂದುವರಿಯಬೇಕು. ದಣಿದಾಗ ಸುಧಾರಿಸಿಕೊಳ್ಳುವ ದಾರಿ ಇದೊಂದೇ. ನಾಲ್ಕಡಿ ನೀರಿನ ಕೊಳದಲ್ಲಿ ಕಲಿತ ಮಕ್ಕಳು ಇಲ್ಲಿ ಸಿಕ್ಕಿಬೀಳುತ್ತಾರೆ: ಎರಡು ಮೂರು ಸ್ಟ್ರೋಕಿಗೊಮ್ಮೆ ಹೆಬ್ಬೆರಳಿನಿಂದ ತಳವನ್ನು ಮೀಟಿ ಸಾಗುವುದು ಅವರಿಗೇ ತಿಳಿಯದಂತೆ ಅಭ್ಯಾಸವಾಗಿರುತ್ತದೆ. ದಡದಿಂದ ನೋಡಿದರೆ ಇದು ಗೊತ್ತಾಗದು. ಪರೀಕ್ಷಕರು ನೀರಿಗಿಳಿದು ಪಕ್ಕದಲ್ಲಿದ್ದು ನೋಡಬೇಕು. ಸ್ಟ್ರೋಕ್ ಚೆಂದವಿದೆಯೇ, ಮೊಣಕೈ ಎತ್ತರಕ್ಕೆ ಬರುತ್ತಿದೆಯೇ ಎಂಬ ವಿಚಾರವನ್ನು ಸ್ಪರ್ಧೆಯ ಕೋಚ್‌ಗಳಿಗೆ ಬಿಡೋಣ. ನಾಯಿ ಈಜಾದರೂ ಅಡ್ಡಿಯಿಲ್ಲ.

ಎಲ್ಲವೂ ಒಂದರ ಹಿಂದೊಂದು

ಬಿಡಿಬಿಡಿಯಾಗಿ, ನಡುನಡುವೆ ಗೋಡೆ ಹಿಡಿದು ದಣಿವಾರಿಸಿಕೊಂಡು ಮಾಡಿದ್ದನ್ನು ನೋಡಿ ತೃಪ್ತರಾಗುವಂತಿಲ್ಲ. ಅಮೆರಿಕನ್ ರೆಡ್ ಕ್ರಾಸ್ ಸಂಸ್ಥೆ ನೀರಿನಲ್ಲಿ ಒಬ್ಬರಿಗೆ ಇರಬೇಕಾದ ಕನಿಷ್ಠ ಸಾಮರ್ಥ್ಯವನ್ನು ಐದು ಕೆಲಸಗಳ ಒಂದು ಸರಣಿಯಾಗಿ ಹೇಳುತ್ತದೆ: ತಲೆ ಮುಳುಗುವಷ್ಟು ಆಳದ ನೀರಿಗೆ ಹಾರಿ ಮೇಲಕ್ಕೆ ಬರುವುದು, ಒಂದು ನಿಮಿಷ ತೇಲುವುದು ಅಥವಾ ನಿಂತಲ್ಲೇ ಕೈಕಾಲು ಆಡಿಸುತ್ತ ತಲೆ ಮೇಲಿಟ್ಟುಕೊಳ್ಳುವುದು, ಸುತ್ತ ತಿರುಗಿ ಹೊರಬರುವ ಜಾಗವನ್ನು ಗುರುತಿಸುವುದು, 25 ಗಜ ಈಜಿ ಅಲ್ಲಿಗೆ ತಲುಪುವುದು, ಕೊಳವಾದರೆ ಏಣಿಯ ನೆರವಿಲ್ಲದೆ ಮೇಲೆ ಹತ್ತುವುದು. ಇಂಗ್ಲೆಂಡಿನ ಶಾಲಾ ಪಠ್ಯಕ್ರಮವೂ ಪ್ರಾಥಮಿಕ ಹಂತ ಮುಗಿಯುವಷ್ಟರಲ್ಲಿ 25 ಮೀಟರ್ ಈಜುವುದರ ಜೊತೆಗೆ ತನ್ನನ್ನು ತಾನು ಕಾಪಾಡಿಕೊಳ್ಳುವುದನ್ನೂ ಮಗು ಕಲಿತಿರಬೇಕೆಂದು ಹೇಳುತ್ತದೆ. ನಮ್ಮ ಶಿಬಿರಗಳು ಈ ಐದರಲ್ಲಿ ನಾಲ್ಕನೆಯದೊಂದನ್ನೇ ಅಳೆಯುತ್ತಿವೆ.

ಸರಣಿಯನ್ನು ಎಲ್ಲೂ ನಿಲ್ಲಿಸದೆ ಮಾಡಿಸಬೇಕು. ಹಾರಿದ ಮಗು ಮೇಲೆ ಬಂದಾಗ ಕೊಳದ ಗೋಡೆಗೆ ಬೆನ್ನು ಮಾಡಿರುವಂತೆ ನೋಡಿಕೊಂಡರೆ ಮೂರನೆಯ ಕೆಲಸಕ್ಕೆ ಅರ್ಥ ಬರುತ್ತದೆ. ಗಾಬರಿಯಾದವರು ಹತ್ತಿರದ ದಡವನ್ನು ಹಿಂದೆ ಬಿಟ್ಟು ಎದುರಿನ ದೂರದ ದಡಕ್ಕೆ ಈಜಲು ಹೊರಡುತ್ತಾರೆ.

ಕೊನೆಯ ಕೆಲಸವನ್ನು ಕರ್ನಾಟಕದ ಪರೀಕ್ಷಕರು ಹಗುರವಾಗಿ ಕಾಣಬಾರದು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯ ಹೊಲಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿದವು. ನೀರು ಇಂಗದಿರಲೆಂದು ಅವುಗಳ ಇಳಿಜಾರಿಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ, ಅದರ ಮೇಲೆ ಪಾಚಿ ಕಟ್ಟಿರುತ್ತದೆ, ಒದ್ದೆಯಾದ ಕಾಲು ಊರಿದಷ್ಟೂ ಕೆಳಕ್ಕೇ ಜಾರುತ್ತದೆ. ಈಜು ಬಲ್ಲ ದೊಡ್ಡವರಿಗೂ ಅಲ್ಲಿಂದ ಬರಿಗೈಯಲ್ಲಿ ಹತ್ತಿಬರುವುದು ಕಷ್ಟ. ಆದ್ದರಿಂದ ಹಳ್ಳಿಯ ಶಾಲೆಯ ಮಕ್ಕಳಿಗಾದರೆ, ಮೇಲಿನಿಂದ ಇಳಿಬಿಟ್ಟ ಗಂಟು ಹಾಕಿದ ಹಗ್ಗವನ್ನು ಹಿಡಿದು ನೀರಿನಿಂದ ಮೇಲೇರುವುದನ್ನೂ ಪರೀಕ್ಷೆಯಲ್ಲಿ ಸೇರಿಸುವುದು ಒಳ್ಳೆಯದು. ಅಂಥ ಹಗ್ಗವನ್ನು ಹೊಂಡದ ಅಂಚಿಗೆ ಕಾಯಂ ಆಗಿ ಕಟ್ಟಿಡಬೇಕಾದವರು ದೊಡ್ಡವರು ಎಂಬುದು ಬೇರೆ ಮಾತು.

ಇದೇ ಸರಣಿಯನ್ನು ಇನ್ನೊಂದು ದಿನ ಶಾಲಾ ಉಡುಪಿನಲ್ಲೋ ಚೂಡಿದಾರದಲ್ಲೋ ಮಾಡಿಸಬೇಕು. ನೀರಿಗೆ ಬೀಳುವವರು ಈಜುಡುಗೆ ತೊಟ್ಟು ಬೀಳುವುದಿಲ್ಲ. ಒದ್ದೆ ಬಟ್ಟೆ ತೋಳಿಗೆ ಅಂಟಿಕೊಂಡು ಕೈ ಎತ್ತಲು ಬಿಡದಿದ್ದಾಗ, ನೀರಿನೊಳಗೇ ಕೈ ಆಡಿಸುತ್ತ ಅಂಗಾತ ಸಾಗುವುದನ್ನು ಮಗು ತಾನಾಗಿಯೇ ಕಂಡುಕೊಳ್ಳುತ್ತದೆಯೇ ಎಂಬುದು ಗಮನಿಸಬೇಕಾದ ಅಂಶ. ದುಪಟ್ಟಾವನ್ನು ಮಾತ್ರ ಮೊದಲೇ ತೆಗೆಸಿಬಿಡಿ.

ದಡದ ಮೇಲಿನ ಪ್ರಶ್ನೆಗಳು

ಬಾಯಿಮಾತಿನ ಪರೀಕ್ಷೆಗೂ ಅಷ್ಟೇ ತೂಕವಿರಲಿ. "ನಿನ್ನ ಗೆಳೆಯ ಕೆರೆಗೆ ಬಿದ್ದರೆ ಏನು ಮಾಡುತ್ತೀಯ?" ಎಂದು ಕೇಳಿದರೆ, ಆಗಷ್ಟೇ ಈಜು ಕಲಿತ ಮಗು "ಹಾರಿ ಎತ್ತಿಕೊಂಡು ಬರುತ್ತೇನೆ" ಎಂದು ಹೆಮ್ಮೆಯಿಂದ ಹೇಳುವ ಸಾಧ್ಯತೆಯೇ ಹೆಚ್ಚು. ಎಷ್ಟು ಚೆನ್ನಾಗಿ ಈಜಿದ್ದರೂ ಈ ಉತ್ತರ ಕೊಟ್ಟವರನ್ನು ತೇರ್ಗಡೆ ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಮುಳುಗುವವರು ಕೈಗೆ ಸಿಕ್ಕಿದ್ದನ್ನು ತಬ್ಬಿಕೊಳ್ಳುತ್ತಾರೆ; ಕೆರೆಯಲ್ಲಿ ಒಬ್ಬರನ್ನು ಉಳಿಸಲು ಹೋಗಿ ಮೂವರು ಸತ್ತ ಸುದ್ದಿ ನಮ್ಮ ಪತ್ರಿಕೆಗಳಿಗೆ ಹೊಸದಲ್ಲ. ಗಟ್ಟಿಯಾಗಿ ಕೂಗಿ ದೊಡ್ಡವರನ್ನು ಕರೆಯುವುದು, ದಡದಲ್ಲಿ ಬೋರಲಾಗಿ ಮಲಗಿ ಕೋಲು, ಸೀರೆ, ಪಂಚೆ ಚಾಚುವುದು, ಮುಚ್ಚಳ ಹಾಕಿದ ಖಾಲಿ ಪ್ಲಾಸ್ಟಿಕ್ ಕ್ಯಾನ್ ಎಸೆಯುವುದು, 112ಕ್ಕೆ ಕರೆ ಮಾಡಿಸುವುದು: ಇವು ಬರಬೇಕಾದ ಉತ್ತರಗಳು. ಬರಿ ಹೇಳಿಸಿದರೆ ಸಾಲದು, ಕ್ಯಾನನ್ನು ನಿಜಕ್ಕೂ ಎಸೆಯಿಸಿ ನೋಡಿ. ಒಳಗೆ ಸ್ವಲ್ಪ ನೀರು ತುಂಬಿದ್ದರೆ ಅದು ಗಾಳಿಗೆ ತೂರಿಹೋಗದೆ ದೂರಕ್ಕೆ ಬೀಳುತ್ತದೆಂಬುದು ಎಸೆದಾಗಲೇ ತಿಳಿಯುವ ವಿಷಯ.

ಹಿರಿಯ ಮಕ್ಕಳನ್ನು ಮೇಲೆತ್ತಿದ ಮೇಲಿನ ಆರೈಕೆಯ ಬಗೆಗೂ ಕೇಳಬೇಕು. ಹೊಟ್ಟೆ ಅಮುಕಿ ನೀರು ತೆಗೆಯುವುದು, ಕಾಲು ಹಿಡಿದು ತಲೆಕೆಳಗಾಗಿ ತಿರುಗಿಸುವುದು, ಮೊಬೈಲ್ ಸಂದೇಶಗಳನ್ನು ನಂಬಿ ಶರೀರವನ್ನು ಉಪ್ಪಿನಲ್ಲಿ ಹುದುಗಿಸುವುದು, ಇವೆಲ್ಲ ಉಳಿಯಬಹುದಾಗಿದ್ದ ಜೀವದ ಸಮಯವನ್ನು ತಿಂದುಹಾಕುತ್ತವೆ. ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು ಮತ್ತು ಎದೆ ಒತ್ತುವುದು ಕೂಡಲೇ ಆರಂಭವಾಗಬೇಕು.

ದಾಖಲೆ

ಪ್ರತಿ ಕೌಶಲದ ಮುಂದೆ "ತಾನಾಗಿ ಮಾಡಿದೆ", "ನೆರವಿನಿಂದ ಮಾಡಿದೆ", "ಇನ್ನೂ ಬಂದಿಲ್ಲ" ಎಂಬ ಮೂರರಲ್ಲಿ ಒಂದನ್ನು ಬರೆದರೆ ಸಾಕು. ನೂರಕ್ಕೆ ಇಷ್ಟು ಎಂಬ ಅಂಕ ಪೋಷಕರನ್ನು ದಾರಿ ತಪ್ಪಿಸುತ್ತದೆ. ಎಂಬತ್ತು ಅಂಕ ಬಂದ ಮಗುವಿಗೆ ಬಾರದೆ ಉಳಿದ ಇಪ್ಪತ್ತು ಅಂಕದ ಕೌಶಲ ಅಂಗಾತ ತೇಲುವುದೇ ಆಗಿದ್ದರೆ ಗತಿಯೇನು? ಬೇರೆ ಬೇರೆ ಎರಡು ದಿನ ಮಾಡಿ ತೋರಿಸಿದ್ದನ್ನಷ್ಟೇ "ತಾನಾಗಿ" ಎಂದು ಬರೆಯಿರಿ. ಪರೀಕ್ಷೆ ನಡೆದ ನೀರಿನ ಆಳ, ಗಾಗಲ್ಸ್ ಇತ್ತೇ ಇಲ್ಲವೇ, ತೊಟ್ಟ ಬಟ್ಟೆ ಯಾವುದು ಎಂಬುದನ್ನೂ ಪ್ರಮಾಣಪತ್ರದಲ್ಲಿ ನಮೂದಿಸಿ, ಹರಿಯುವ ಹೊಳೆಯಲ್ಲಾಗಲಿ ಕಡಲಿನಲ್ಲಾಗಲಿ ಪರೀಕ್ಷಿಸಿಲ್ಲವೆಂದು ಅದರಲ್ಲೇ ಸ್ಪಷ್ಟವಾಗಿ ಬರೆಯಬೇಕು. ಶಿಬಿರ ಮುಗಿದು ತಿಂಗಳುಗಟ್ಟಲೆ ನೀರು ಮುಟ್ಟದ ಮಗುವನ್ನು ಮುಂದಿನ ಬೇಸಿಗೆಯಲ್ಲಿ ನೇರವಾಗಿ ಮೇಲಿನ ತಂಡಕ್ಕೆ ಸೇರಿಸದೆ, ಎದೆಮಟ್ಟದ ನೀರಿನಲ್ಲಿ ಗುಳ್ಳೆ ಬಿಡುವ ಮೊದಲ ಹಂತದಿಂದಲೇ ಮತ್ತೆ ಪರೀಕ್ಷಿಸಬೇಕು.