ಅವ್ವ ನಿಮ್ಮನ್ನು ‘ಅಣ್ಣಾ’ ಅಂತ ಕರೆದರೆ ಏನು ಮಾಡಬೇಕು

ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು, ಡಾಕ್ಟರ್ ಅಲ್ಲ. ಆದರೆ ಆರು ವರ್ಷದಿಂದ ಮರೆವಿನ ಕಾಯಿಲೆ (ಡಿಮೆನ್ಷಿಯಾ) ಇರುವ ಅವ್ವನ ಜೊತೆ ಒಂದೇ ಮನೆಯಲ್ಲಿದ್ದೇನೆ. ಅವ್ವನಿಗೀಗ 79. ಮೂವತ್ತು ವರ್ಷ ಸ್ಟೇಷನ್ ಕಡೆ ಖಾನಾವಳಿ ನಡೆಸಿದವಳು. ಮೊದಲ ಎರಡು ವರ್ಷ ನಾನು ಮಾಡಿದ್ದು ಬಹುತೇಕ ತಪ್ಪೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸರಿಯಾಗಿ ಪರೀಕ್ಷೆ ಮಾಡಿಸಿ. ನಾವು ಮೊದಲು ತೋರಿಸಿದ ಕಡೆ “ವಯಸ್ಸಾಗ್ಯದ, ಹಿಂಗೇ ಇರ್ತದ” ಅಂದು ಟಾನಿಕ್ ಬರೆದು ಕಳಿಸಿದರು. ಒಂದು ವರ್ಷ ಹಾಗೇ ಹೋಯಿತು. ಪಲ್ಯಕ್ಕೆ ಉಪ್ಪು ಹಾಕಿದ್ದು ಮರೆತರೆ ವಯಸ್ಸು ಅನ್ನಬಹುದು. ಮೂವತ್ತು ವರ್ಷ ಪುಂಡಿಪಲ್ಯ ಮಾಡಿದವಳು ಪುಂಡಿಸೊಪ್ಪು ಕೈಯಲ್ಲಿ ಹಿಡಿದು “ಇದಕ್ಕ ಏನ್ ಮಾಡ್ತಾರ?” ಅಂತ ಕೇಳಿದರೆ ಅದು ವಯಸ್ಸಲ್ಲ. ಬಿ12 ಕಮ್ಮಿಯಾದರೂ, ಥೈರಾಯ್ಡ್ ಏರುಪೇರಾದರೂ, ಮನಸ್ಸು ಕುಗ್ಗಿದರೂ, ಕೆಲವು ಮಾತ್ರೆಗಳಿಂದಲೂ ಮರೆವು ಬರುತ್ತದೆ. ಅವುಗಳಿಗೆ ಚಿಕಿತ್ಸೆ ಇದೆ. ಹಾಗಾಗಿ ರಕ್ತ ಪರೀಕ್ಷೆ ಬಿಡಬೇಡಿ. ನರರೋಗದ ಡಾಕ್ಟರನ್ನೋ ಮನೋವೈದ್ಯರನ್ನೋ ಕಾಣಿ.

ಇನ್ನೊಂದು. ಚೆನ್ನಾಗಿದ್ದವರು ಎರಡೇ ದಿನದಲ್ಲಿ ಏಕದಂ ಗಲಿಬಿಲಿಯಾದರೆ “ಕಾಯಿಲೆ ಜಾಸ್ತಿ ಆಯ್ತು” ಅಂತ ಸುಮ್ನೆ ಕೂರಬೇಡಿ. ಮೂತ್ರದ ಸೋಂಕು ಇರಬಹುದು, ಮೈಯಲ್ಲಿ ನೀರು ಕಮ್ಮಿಯಾಗಿರಬಹುದು. ಅವತ್ತೇ ತೋರಿಸಿ. ನಮ್ಮ ಕಡೆ ಮೇ ತಿಂಗಳಲ್ಲಿ ಬಿಸಿಲು 42, 43 ಡಿಗ್ರಿಗೆ ಹೋಗುತ್ತದಲ್ಲ, ಅವ್ವನಿಗೆ ಬಾಯಾರಿಕೆಯೇ ಗೊತ್ತಾಗುವುದಿಲ್ಲ. “ಮಜ್ಜಿಗೆ ಬೇಕಾ?” ಅಂತ ಕೇಳಿದರೆ “ಬ್ಯಾಡ” ಅನ್ನುತ್ತಾಳೆ. ಈಗ ಕೇಳುವುದಿಲ್ಲ. ಲೋಟ ಕೈಗೆ ಕೊಟ್ಟು ನಾನೂ ಒಂದು ಲೋಟ ಹಿಡಿದು ಎದುರಿಗೆ ಕೂರುತ್ತೇನೆ.

ಈಗ ಮರೆವಿನ ಲೆಕ್ಕ. ನಮ್ಮ ಮಿಲ್ಲಿನಲ್ಲಿ ದಿನದ ವ್ಯವಹಾರ ಮೊದಲು ಕಿರ್ದಿಗೆ ಬೀಳುತ್ತದೆ. ಅಲ್ಲಿಂದ ಅದನ್ನು ಖಾತೆಗೆ ಎತ್ತಿ ಬರೆಯಬೇಕು. ಮೆದುಳಿನಲ್ಲಿ ಹೀಗೆ ಎತ್ತಿ ಬರೆಯುವ ಭಾಗದ ಹೆಸರು ಹಿಪೊಕ್ಯಾಂಪಸ್. ಸಮುದ್ರಕುದುರೆಯಂತೆ ಕಾಣುತ್ತದಂತೆ, ತಲೆಯ ಎರಡೂ ಬದಿಗೆ ಒಂದೊಂದು. ಡಿಮೆನ್ಷಿಯಾದಲ್ಲಿ ಹೆಚ್ಚು ಕಾಣುವ ಬಗೆಯಾದ ಅಲ್ಜೈಮರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲ ಪೆಟ್ಟು ಬೀಳುವುದು ಅಲ್ಲಿಗೇ. ಹಾಗಾಗಿ ಬೆಳಗಿನ ಚಹಾ ಖಾತೆಗೆ ಏರಲೇ ಇಲ್ಲ, ಆದರೆ ಮದುವೆಯ ದಿನದ ಪುಟ ಹಳೇ ಪುಸ್ತಕದಲ್ಲಿ ಹಾಗೇ ಇದೆ. “ಈಗಷ್ಟೇ ಹೇಳಿದೆನಲ್ಲ ಯವ್ವಾ, ನೆನಪಿಲ್ಲೇನು?” ಅಂತ ಸಿಟ್ಟು ಮಾಡಿದರೆ ಬರೆಯದ ಪುಟದಲ್ಲಿ ಬಾಕಿ ಹುಡುಕಿದ ಹಾಗೆ. “ನಾ ಯಾರು ಹೇಳು ನೋಡೋಣ” ಅಂತ ನೆಂಟರು ಪರೀಕ್ಷೆ ಮಾಡುತ್ತಾರಲ್ಲ, ಅದನ್ನು ಬಾಗಿಲಲ್ಲೇ ನಿಲ್ಲಿಸಿ. ಬಂದವರು ತಾವೇ ಹೆಸರು ಹೇಳಿಕೊಂಡು ಕೂತರೆ ಆಯಿತು.

ಬಿಟ್ಟುಹೋದ ಜಾಗವನ್ನು ಮನಸ್ಸು ಖಾಲಿ ಬಿಡುವುದಿಲ್ಲ, ಏನಾದರೂ ತುಂಬುತ್ತದೆ. ಒಂದು ದಿನ ಅವ್ವನ ಕೊರಳಿನ ಬೋರಮಾಳ ಸರ ಕಾಣಲಿಲ್ಲ. ಸೊಸೆ ಕದ್ದಳು ಅಂದಳು. ಯಾವಾಗ, ಹೇಗೆ, ಯಾವ ಸೀರೆ ಉಟ್ಟುಕೊಂಡು ಕದ್ದಳು ಅಂತಲೂ ಹೇಳಿದಳು. ನನ್ನ ಹೆಂಡತಿ ರಾತ್ರಿಯೆಲ್ಲ ಅತ್ತಳು. ಮೂರನೇ ದಿನ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತು. ಅವ್ವ ಸುಳ್ಳು ಹೇಳಿರಲಿಲ್ಲ. ಇಟ್ಟದ್ದು ನೆನಪಿಲ್ಲ, ಸರ ಇಲ್ಲ ಅನ್ನುವುದು ಕಣ್ಣಿಗೆ ಕಾಣುತ್ತಿದೆ, ನಡುವಿನದ್ದನ್ನು ಮನಸ್ಸು ತಾನೇ ಹೆಣೆದಿದೆ. ಅವಳಿಗೆ ಅದೇ ನಿಜ. ವಾದ ಮಾಡಿದರೆ ನೀವೂ ಕಳ್ಳರ ಕಡೆಯವರಾಗುತ್ತೀರಿ. “ಹೌದಾ? ನಡಿ, ಇಬ್ಬರೂ ಹುಡುಕೋಣ” ಅನ್ನಿ. ಬಚ್ಚಿಡುವ ಜಾಗಗಳು ಹೆಚ್ಚಿರುವುದಿಲ್ಲ. ನಮ್ಮಲ್ಲಿ ಹಿಟ್ಟಿನ ಡಬ್ಬಿ, ದಿಂಬಿನ ಕವರ್, ದೇವರ ಜಗುಲಿ, ಅಷ್ಟೇ. ಅಸಲಿ ಬೋರಮಾಳ ಈಗ ಲಾಕರಿನಲ್ಲಿದೆ. ಅವ್ವನ ಹತ್ತಿರ ಇರುವುದು ಅಂಥದ್ದೇ ನಕಲಿ.

ನಾಳೆಯ ವಿಷಯ ನನಗೆ ತಿಳಿದದ್ದು ತಡವಾಗಿ. ನೆನಪು ಹೋದರೆ ಹಿಂದಿನದು ಮಾತ್ರ ಹೋಗುತ್ತದೆ ಅಂದುಕೊಂಡಿದ್ದೆ. 2007ರಲ್ಲಿ ಲಂಡನ್ನಿನ ಸಂಶೋಧಕರು ಹಿಪೊಕ್ಯಾಂಪಸ್ ಹಾಳಾಗಿದ್ದ ಕೆಲವರಿಗೆ, ಸಮುದ್ರದ ದಂಡೆಯಲ್ಲಿ ಮಲಗಿದ್ದೀರಿ ಅಂದುಕೊಳ್ಳಿ, ಸುತ್ತ ಏನಿದೆ ಹೇಳಿ ಅಂದರು. ಹೆಚ್ಚಿನವರಿಗೆ ಚಿತ್ರ ಕೂಡಿಸಲು ಆಗಲಿಲ್ಲ. ಅವರಿಗೆ ಡಿಮೆನ್ಷಿಯಾ ಇರಲಿಲ್ಲ, ಆದರೆ ಪೆಟ್ಟು ಬಿದ್ದ ಜಾಗ ಅದೇ. ಲೆಕ್ಕದವನಿಗೆ ಇದು ಅರ್ಥವಾಗುತ್ತದೆ. ಹಳೇ ಖಾತೆ ನೋಡದೆ ಮುಂದಿನ ವರ್ಷದ ಅಂದಾಜು ಹಾಕುವುದು ಹೇಗೆ?

ಅವ್ವನಿಗೆ “ಬರೋ ಸೋಮವಾರ ಶರಣಬಸವೇಶ್ವರ ಗುಡಿಗೆ ಹೋಗೋಣ” ಅಂದರೆ ಖುಷಿಯಾಗುತ್ತಿರಲಿಲ್ಲ, ಗಾಬರಿಯಾಗುತ್ತಿತ್ತು. ಎಲ್ಲಿಗೆ, ಯಾರ ಜೊತೆ, ವಾಪಸ್ ಹೇಗೆ, ಒಂದೂ ಕಣ್ಣ ಮುಂದೆ ಬರುತ್ತಿರಲಿಲ್ಲ. ನಾಲ್ಕು ದಿನ ಅದನ್ನೇ ಕೇಳುತ್ತಿದ್ದಳು. ಈಗ ಆಟೋ ಬಾಗಿಲಿಗೆ ಬಂದ ಮೇಲೆ “ಚಪ್ಪಲಿ ಹಾಕ್ಕೋ ಯವ್ವಾ, ಗುಡಿಗಿ ಹೋಗೋಣ” ಅನ್ನುತ್ತೇನೆ. “ಏನು ತಿನ್ನುತ್ತಿ?” ಅಂತಲೂ ಕೇಳಬೇಡಿ. ತಟ್ಟೆಯಲ್ಲಿ ಎರಡು ಪದಾರ್ಥ ಇಟ್ಟು ತೋರಿಸಿ, ಬೆರಳು ಒಂದರ ಕಡೆ ಹೋಗುತ್ತದೆ.

ಕೈಯ ನೆನಪು ಬೇರೆ. ಅದು ಮೆದುಳಿನ ಬೇರೆ ಭಾಗಗಳಲ್ಲಿ ಇರುತ್ತದೆ, ಜಾಸ್ತಿ ದಿನ ಉಳಿಯುತ್ತದೆ. ಜೋಳದ ರೊಟ್ಟಿ ಹೇಗೆ ಮಾಡುತ್ತಾರೆ ಅಂತ ಕೇಳಿದರೆ ಅವ್ವನಿಗೆ ಹೇಳಲು ಬರುವುದಿಲ್ಲ. ಪರಾತ ಎದುರಿಗಿಟ್ಟರೂ ಸುಮ್ಮನೆ ಕೂರುತ್ತಾಳೆ. ಆದರೆ ನನ್ನ ಹೆಂಡತಿ ಬಿಸಿನೀರು ಹಾಕಿ ಹಿಟ್ಟು ನಾದಿ, ಒಂದು ಉಂಡೆ ಅವಳ ಅಂಗೈ ಕೆಳಗೆ ಇಟ್ಟರೆ ಸಾಕು. ಬಲಗೈ ಬಡಿಯಲು ಶುರು ಮಾಡುತ್ತದೆ, ಎಡಗೈ ಅಂಚು ಕಾಯುತ್ತದೆ, ರೊಟ್ಟಿ ತಾನೇ ತಿರುಗುತ್ತದೆ. ಒಣ ಹಿಟ್ಟು ಯಾವಾಗ ಉದುರಿಸಬೇಕು ಅಂತ ಬೆರಳಿಗೆ ಗೊತ್ತು. ನಡುವೆ ಮಾತಾಡಿಸಬೇಡಿ. ಒಮ್ಮೆ ನಾನು “ಭಾರಿ ಆಗ್ಯದ, ಮುಂದ ಏನ್ ಮಾಡ್ತಿ?” ಅಂದೆ. ಕೈ ನಿಂತುಬಿಟ್ಟಿತು, ಮತ್ತೆ ಹೊರಡಲಿಲ್ಲ. ಬೇಯಿಸುವ ಕೆಲಸ ಅವಳಿಗೆ ಕೊಡುವುದಿಲ್ಲ. ನಾವು ಅಡುಗೆಮನೆಯಲ್ಲಿ ಇಲ್ಲದಾಗ ಗ್ಯಾಸಿನ ರೆಗ್ಯುಲೇಟರ್ ಬಂದ್ ಇರುತ್ತದೆ. ಹರಿದ ರೊಟ್ಟಿಯನ್ನೂ ಹಂಚಿಗೆ ಹಾಕುತ್ತೇವೆ, ನಾನೇ ತಿನ್ನುತ್ತೇನೆ. ಬೀಸುವ ಪದವೂ ಹಾಗೇ. ಮೊದಲ ಸಾಲು ನೀವು ಎತ್ತಿಕೊಡಿ, ಉಳಿದದ್ದು ಬರುತ್ತದೆ.

ತಾನು ಯಾರು ಅನ್ನುವುದರ ಖಾತೆಯೂ ಹೊಸದಾಗಿ ಏರುವುದು ನಿಲ್ಲುತ್ತದೆ. ಒಳಗೆ ಅವ್ವನಿಗೆ ಒಮ್ಮೆ ಮೂವತ್ತು, ಒಮ್ಮೆ ಹದಿನೇಳು. ಅದಕ್ಕೇ ಕನ್ನಡಿಯ ಮುದುಕಿ ಯಾರೋ ಹೊರಗಿನವಳು. ಕೆಲವರು ಕನ್ನಡಿ ನೋಡಿ ಹೆದರುತ್ತಾರೆ. ಹಾಗಾದರೆ ಬಟ್ಟೆ ಮುಚ್ಚಿ. ನಮ್ಮಲ್ಲಿ ಮುಚ್ಚಿಲ್ಲ. ಅವ್ವ ಆ ಮುದುಕಿಯನ್ನು ನೋಡಿ ನನಗೆ, “ಆಕಿಗಿ ಊಟ ಆಗ್ಯದೇನು ಕೇಳು” ಅಂದಳು. ಖಾನಾವಳಿಯವಳು ಇನ್ನೂ ಅಲ್ಲೇ ಇದ್ದಾಳೆ. ಎಲ್ಲರಲ್ಲೂ ಹೀಗೇ ಅಂತಲ್ಲ. ಮೆದುಳಿನ ಮುಂಭಾಗ ಮೊದಲು ಕೆಡುವ ಇನ್ನೊಂದು ಬಗೆಯ ಡಿಮೆನ್ಷಿಯಾದಲ್ಲಿ ನೆನಪು ಇದ್ದು ಸ್ವಭಾವವೇ ಬದಲಾಗಬಹುದು. ಮೆತ್ತಗಿದ್ದವರು ಒರಟಾಗುತ್ತಾರೆ, ನಾಚಿಕೆ ಹೋಗುತ್ತದೆ. ಅದೂ ಕಾಯಿಲೆಯೇ, ಸೊಕ್ಕಲ್ಲ.

ಒಬ್ಬರೇ ಒದ್ದಾಡಬೇಡಿ. ಹಿರಿಯರ ಸಹಾಯವಾಣಿ 14567 ಇದೆ. ನೋಡಿಕೊಳ್ಳುವ ನಿಮಗೇ ತಲೆ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ನಾನೂ ಒಂದು ರಾತ್ರಿ ಮಾಡಿದ್ದೇನೆ. ಮರೆವಿರುವವರು ದಾರಿ ತಪ್ಪಿದರೆ ಅಂತ ಅವರ ಸೆರಗಿನ ಒಳಬದಿಗೆ ನಿಮ್ಮ ಫೋನ್ ನಂಬರ್ ಬರೆದ ಬಟ್ಟೆ ಹೊಲಿಯಿರಿ.

ಕಷ್ಟದ ಹೊತ್ತು ಸಂಜೆ. ಬೆಳಕು ಇಳಿಯುವಾಗ ಗಲಿಬಿಲಿ ಏರುತ್ತದೆ. ಅವ್ವ ಬಟ್ಟೆಯ ಗಂಟು ಕಟ್ಟಿ ಬಾಗಿಲಲ್ಲಿ ಕೂರುತ್ತಾಳೆ. ಪಂಚಮಿಗೆ ಅಣ್ಣ ಕರೆಯಲು ಬರಬೇಕು, ಭೀಮಾ ದಂಡೆಯ ತವರಿಗೆ ಹೋಗಬೇಕು. ಮೊದಲು ನಾನು “ನಿಮ್ಮಣ್ಣ ತೀರಿಕೊಂಡು ಇಪ್ಪತ್ತು ವರ್ಷ ಆಯ್ತು” ಅನ್ನುತ್ತಿದ್ದೆ. ನಿಜ ಹೇಳಬೇಕಲ್ವಾ? ಪ್ರತಿ ಸಲವೂ ಅವಳು ಅದನ್ನು ಮೊದಲ ಸಲ ಕೇಳಿದಂತೆ ಎದೆ ಬಡಿದುಕೊಂಡು ಅಳುತ್ತಿದ್ದಳು. ವಾರಕ್ಕೆ ನಾಲ್ಕು ಸಲ ಸಾವು. ಬಿಟ್ಟುಬಿಟ್ಟೆ. ಈಗ ಮಿಲ್ಲಿನಿಂದ ಬಂದ ಕೂಡಲೇ “ಅಣ್ಣಾ, ಈಗ ಬಂದ್ಯಾ?” ಅಂದರೆ “ಹ್ಞೂಂ, ಬಂದೆ” ಅನ್ನುತ್ತೇನೆ. ಸುಳ್ಳು ಅಂತ ನನ್ನ ತಂಗಿಗೆ ಸಿಟ್ಟಿದೆ. ಇರಲಿ. ಜೋಕಾಲಿ ಯಾವ ಗಿಡಕ್ಕೆ ಕಟ್ಟುತ್ತಿದ್ದರು ಅಂತ ಕೇಳುತ್ತೇನೆ, ಬೇವಿನ ಗಿಡಕ್ಕೆ ಅನ್ನುತ್ತಾಳೆ. ಮಾತಾಡುತ್ತಾ ಅಪ್ಪನ ಕೆರೆ ತನಕ ನಡೆದು ಬರುತ್ತೇವೆ. ವಾಪಸ್ ಬರುವಷ್ಟರಲ್ಲಿ ಗಂಟು ಮರೆತಿರುತ್ತಾಳೆ. ಅದನ್ನು ಅವರ ಎದುರಿಗೆ ಬಿಚ್ಚಬೇಡಿ, ಮಲಗಿದ ಮೇಲೆ ಬಿಚ್ಚಿ. ಮೊನ್ನೆ ಅದರಲ್ಲಿ ಎರಡು ಸೀರೆ, ಒಂದು ಬಾಚಣಿಗೆ, ಹಳೇ ಬಟ್ಟೆಯಲ್ಲಿ ಸುತ್ತಿದ ಮೂರು ರೊಟ್ಟಿ ಇದ್ದವು. ದಾರಿಯಲ್ಲಿ ಅಣ್ಣನಿಗೆ ಹಸಿವಾದರೆ ಅಂತ ಇರಬೇಕು.