ಒಡ್ಡಿಗೆ ಹಚ್ಚುವ ಮೊದಲು ಜಾಲಿ ಯಾವುದೆಂದು ನೋಡಿ

ಕಲಬುರಗಿ, ಯಾದಗಿರಿ ಕಡೆ ಮುಳ್ಳಿನ ಗಿಡ ಕಂಡರೆ ಜಾಲಿ ಎನ್ನುವುದು ರೂಢಿ. ಒಲೆಗೆ ಕಟ್ಟಿಗೆ ಬೇಕಿದ್ದರೆ ಅಷ್ಟು ಸಾಕು. ಕುಂಟೆಗೆ ಕಟ್ಟಿಗೆ, ಒಡ್ಡಿಗೆ ಬೀಜ ಬೇಕಾದಾಗ ಸಾಲದು. ಎಲೆ ನೋಡಿ ಗುರುತಿಸಲು ಹೋಗಬೇಡಿ, ಎಲ್ಲದರದೂ ಹುಣಸೆಯಂಥ ಸಣ್ಣೆಲೆಯೇ. ಕಾಯಿ ನೋಡಿ, ಕಾಯಿ ಇಲ್ಲದಿದ್ದರೆ ಹೂ, ಅದೂ ಇಲ್ಲದಿದ್ದರೆ ತೊಗಟೆ.

ಕರಿಜಾಲಿಯ ಕಾಯಿ ಮಣಿಸರದ ಹಾಗೆ, ಬೀಜ ಬೀಜದ ನಡುವೆ ಹಿಸುಕಿದಂತಿರುತ್ತದೆ. ಮೈಮೇಲೆ ಬೂದು ನವಿರು. ಹೂ ಹಳದಿ ಗುಂಡು, ತೊಗಟೆ ಕಪ್ಪು, ಆಳವಾದ ಸೀಳು. ಹಳ್ಳದ ದಂಡೆ, ಎರೆಹೊಲ ಇದಕ್ಕೆ ಒಗ್ಗುತ್ತದೆ. ನೇಗಿಲು, ಬಂಡಿಗಾಲಿಗೆ ಬಾಳುವುದು ಇದೇ. ಬಿಳಿಜಾಲಿಗೆ ತಿಳಿಬಣ್ಣದ ತೊಗಟೆ, ರೆಂಬೆ ತುದಿಯಲ್ಲಿ ಗೊಂಚಲಾಗಿ ಕೆನೆಬಿಳುಪಿನ ಹೂ, ಕಲ್ಲುನೆಲದಲ್ಲೂ ಬದುಕುತ್ತದೆ. ಕಸ್ತೂರಿ ಜಾಲಿ ಪೊದೆ, ಕಾಯಿ ದಪ್ಪ, ಗುಂಡನೆಯ ಕೋಲಿನಂತೆ. ದಸರೆಗೆ ಪೂಜಿಸುವ ಬನ್ನಿಯ ಮುಳ್ಳು ಗಿಡ್ಡ; ಜೋಡಿಯಾಗಿರದೆ ರೆಂಬೆಯ ಮೇಲೆ ಅಲ್ಲಲ್ಲಿ ಚದುರಿರುತ್ತದೆ.

ಬಳ್ಳಾರಿ ಜಾಲಿ ಹೆಸರಿಗಷ್ಟೇ ಜಾಲಿ. ಇದನ್ನು ಮೊದಲು ಬನ್ನಿಯ ಜೊತೆ ಪ್ರೊಸೋಪಿಸ್ ಎಂಬ ಕುಲಕ್ಕೆ ಸೇರಿಸಿದ್ದರು, 2022ರಲ್ಲಿ ನೆಲ್ಟುಮಾ ಕುಲಕ್ಕೆ ಹೋಯಿತು; ಅಮೆರಿಕ ಖಂಡದಿಂದ ಬಂದದ್ದು. ಹೂ ಗುಂಡಲ್ಲ, ಬೆರಳುದ್ದದ ತೆನೆ. ಕಾಯಿ ಹಳದಿ, ಸಿಹಿ, ಒಣಗಿದರೂ ಬಿರಿಯುವುದಿಲ್ಲ. ನೆಲಮಟ್ಟಕ್ಕೆ ಕಡಿದರೆ ಬುಡದ ಮೊಗ್ಗುಗಳಿಂದ ನಾಲ್ಕು ಕವಲಾಗಿ ಮತ್ತೆ ಏಳುತ್ತದೆ. ಹೋಗಲಾಡಿಸಬೇಕೆಂದರೆ ಮಣ್ಣು ಬಿಡಿಸಿ, ಒಂದಡಿ ಆಳದಲ್ಲಿ ಬೇರು ಕತ್ತರಿಸಿ ಬುಡವನ್ನೇ ಹೊರಗೆ ತೆಗೆಯಿರಿ. ಕಾಯಿ ಬಿಡುವ ಮೊದಲೇ ಮಾಡಿದರೆ ಒಳ್ಳೆಯದು. ತಿಂದ ದನ, ಆಡುಗಳು ಸಗಣಿ, ಹಿಕ್ಕೆಯಲ್ಲಿ ಬೀಜವನ್ನು ಹೊಲಕ್ಕೆಲ್ಲ ಹಂಚುತ್ತವೆ. ಈ ಕಾಯಿಯನ್ನೇ ತಿಂಗಳುಗಟ್ಟಲೆ ಹೆಚ್ಚಾಗಿ ತಿಂದ ದನಕ್ಕೆ ದವಡೆ ಸೋಲುವ ರೋಗ ಬರುತ್ತದೆ, ಮೇವಿನ ಜೊತೆ ಅಷ್ಟಷ್ಟೇ ಕೊಡಿ.

ಕರಿಜಾಲಿ ಬೀಜಕ್ಕೆ ಬೇಸಿಗೆಯಲ್ಲಿ ಮಾಗಿ ಉದುರಿದ ಕಾಯಿ ಆರಿಸಿ. ಸಣ್ಣ ತೂತಿರುವ ಬೀಜ ಹುಳ ತಿಂದದ್ದು, ಬಿಸಾಡಿ. ಸಿಪ್ಪೆ ಗಟ್ಟಿ, ಹಾಗೇ ಬಿತ್ತಿದರೆ ಎಷ್ಟೋ ಬೀಜ ಮೊಳೆಯದೆ ಮಲಗಿರುತ್ತವೆ. ನೀರು ಕುದಿಸಿ, ಒಲೆಯಿಂದ ಇಳಿಸಿ, ಬೀಜದ ಮೇಲೆ ಸುರಿದು 24 ಗಂಟೆ ಬಿಡಿ. ಒಲೆಯ ಮೇಲೇ ಬೀಜ ಬೇಯಿಸಿದರೆ ಸತ್ತುಹೋಗುತ್ತದೆ. ಉಬ್ಬಿದ್ದನ್ನು ಬಿತ್ತಿ, ಉಬ್ಬದ್ದಕ್ಕೆ ಮತ್ತೊಮ್ಮೆ ಬಿಸಿನೀರು. ಇಷ್ಟೆಲ್ಲ ಬೇಡವೆಂದರೆ ಆಡಿಗೆ ಕಾಯಿ ತಿನ್ನಿಸಿ, ಮರುದಿನ ಹಟ್ಟಿ ಗುಡಿಸಿ ಬೀಜ ಆರಿಸಿ. ಅದರ ಹೊಟ್ಟೆಯೇ ಸಿಪ್ಪೆ ಮೆತ್ತಗೆ ಮಾಡಿರುತ್ತದೆ. ಜೂನ್ ಮಳೆಗೆ ಮಣ್ಣು ಹದವಾದ ಮೇಲೆ ಗುಣಿಗೆ ಮೂರು ಬೀಜ, ಒಂದು ಸೆಂಟಿಮೀಟರ್ ಆಳ. ಗಟ್ಟಿಯಾದ ಒಂದು ಸಸಿ ಉಳಿಸಿ, ಸುತ್ತ ಮುಳ್ಳಿಡಿ. ಬೀಜ ಹದ ಮಾಡಿದ ಆಡೇ ಸುಳಿ ಕಡಿಯಲು ಬರುತ್ತದೆ.

ನರ್ಸರಿಯಲ್ಲಿ ಸುಮ್ಮನೆ ‘ಅಕೇಶಿಯಾ’ ಎಂದು ಕೇಳಬೇಡಿ. ಮಲೆನಾಡಿನ ನೆಡುತೋಪುಗಳ ಮುಳ್ಳಿಲ್ಲದ ಆರಿಕ್ಯುಲಿಫಾರ್ಮಿಸ್ ಕೈಗೆ ಬಂದೀತು. 2005ರಲ್ಲಿ ವಿಯೆನ್ನಾದ ಸಸ್ಯಶಾಸ್ತ್ರಜ್ಞರ ಸಮ್ಮೇಳನದಲ್ಲಿ ಅಕೇಶಿಯಾ ಎಂಬ ಹೆಸರು ಹೆಚ್ಚಾಗಿ ಆಸ್ಟ್ರೇಲಿಯಾದ ಗುಂಪಿಗೇ ಹೋಯಿತು, 2011ರಲ್ಲಿ ಮೆಲ್ಬರ್ನ್‌ನಲ್ಲೂ ಅದೇ ಉಳಿಯಿತು. ನಮ್ಮ ಕರಿಜಾಲಿ ಈಗ ವ್ಯಾಚೆಲಿಯಾ ನಿಲೋಟಿಕಾ, ಸೀಗೆ ಸೆನೆಗಾಲಿಯಾ. ಚೀಟಿಯಲ್ಲಿ ಹಳೆಯ ಹೆಸರು ‘ಅಕೇಶಿಯಾ ನಿಲೋಟಿಕಾ’ ಇದ್ದರೂ ಅದೇ ಗಿಡ, ತೆಗೆದುಕೊಳ್ಳಬಹುದು.