ಅಗಿಯುವ ಕೆಲಸ ಎಲ್ಲಿ ನಡೆಯುತ್ತದೆ? ಹಲ್ಲಿಲ್ಲದ ಪ್ರಾಣಿಗಳ ಪಾಠದ ನನ್ನ ಅನುಭವ

ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು, ಹಲ್ಲಿಲ್ಲದ ಪ್ರಾಣಿಗಳ ಹೆಸರುಗಳನ್ನು ಬಾಯಿಪಾಠ ಮಾಡಿಸುವುದಿಲ್ಲ. ಹಲ್ಲು ಮಾಡಬೇಕಾದ ಕೆಲಸವನ್ನು ದೇಹದ ಬೇರೆ ಯಾವ ಭಾಗ ವಹಿಸಿಕೊಂಡಿದೆ ಎಂದು ಮಕ್ಕಳಿಂದಲೇ ಹುಡುಕಿಸುತ್ತೇನೆ.

ಪಾಠವನ್ನು ದನದ ಬಾಯಿಯಿಂದ ಆರಂಭಿಸುವುದು ನಮ್ಮ ಕಡೆ ಸುಲಭ. ಜಾತ್ರೆಯಲ್ಲಿ ಹಿರಿಯರು ತುಟಿ ಸರಿಸಿ ‘ಎರಡು ಹಲ್ಲಿನ ಹೋರಿ’, ‘ಬಾಯಿಗೂಡಿದ ಎತ್ತು’ ಎಂದು ವಯಸ್ಸು ಹೇಳುವುದನ್ನು ಮಕ್ಕಳು ಕಂಡಿರುತ್ತಾರೆ. ಆ ಎಣಿಕೆಯೆಲ್ಲ ಕೆಳದವಡೆಯ ಮುಂಬಲ್ಲುಗಳದ್ದೆಂದೂ, ಮೇಲೆ ಆ ಜಾಗದಲ್ಲಿ ಗಟ್ಟಿಯಾದ ವಸಡು ಮಾತ್ರ ಇದೆಯೆಂದೂ ತೋರಿಸಿದರೆ ಅವರ ಕುತೂಹಲ ಕೆರಳುತ್ತದೆ.

ಹೆಚ್ಚಿನ ಸಮಯವನ್ನು ನಾನು ಕೋಳಿಗೆ ಕೊಡುತ್ತೇನೆ. ಅಂಗಳದಲ್ಲಿ ಮೇಯ್ದ ಜವಾರಿ ಕೋಳಿಯನ್ನು ಕೊಯ್ದ ಮನೆಯಿಂದ ಕಾಳು ಅರೆಯುವ ಹೊಟ್ಟೆಯನ್ನು ತರಿಸಿ, ಸೀಳಿ ತೋರಿಸುತ್ತೇನೆ. ದಪ್ಪ ಸ್ನಾಯುವಿನ ಗೋಡೆ, ಅದರ ಒಳಗೆ ಸುಲಿದು ತೆಗೆಯಬಹುದಾದ ಹಳದಿ ಪೊರೆ, ಅರೆಬರೆ ನುರಿದ ಜೋಳ, ಜೊತೆಗೆ ಸಣ್ಣ ಹರಳುಗಳು ಕಾಣುತ್ತವೆ. ಪುಡಿ ಆಹಾರ ತಿಂದು ಬೆಳೆದ ಫಾರಂ ಕೋಳಿಯಲ್ಲಿ ಇದು ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ. “ಕೋಳಿ ಹೊಟ್ಟ್ಯಾಗ ಕಲ್ಲು ಯಾಕ್ರಿ ಸರ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ನೆನೆಸಿದ ಜೋಳವನ್ನು ಎರಡು ಬಟ್ಟೆಯ ಚೀಲಗಳಲ್ಲಿ ಹಾಕಿ, ಒಂದಕ್ಕೆ ಮಾತ್ರ ಹರಳು ಸೇರಿಸಿ, ಅಂಗೈಯಲ್ಲಿ ಹಿಸುಕಿ ನೋಡುವಂತೆ ಹೇಳುತ್ತೇನೆ. ನನ್ನ ವಿವರಣೆಗಿಂತ ಅದೇ ಉತ್ತಮ ಉತ್ತರ.

ಚಿಪ್ಪುಹಂದಿಯ ಹೊಟ್ಟೆಯೂ ಇದೇ ರೀತಿ ಕೆಲಸ ಮಾಡುತ್ತದೆ ಎಂದಾಗ ಮಕ್ಕಳು ತಾವಾಗಿಯೇ ಎರಡನ್ನೂ ಹೋಲಿಸುತ್ತಾರೆ. ಸ್ತನಿಯಾದರೂ ಅದಕ್ಕೆ ಹಲ್ಲಿಲ್ಲ. ಬುಡ ಎದೆಯೆಲುಬಿನ ಕೆಳತುದಿಯವರೆಗೂ ಚಾಚಿರುವ ಅಂಟು ನಾಲಿಗೆಯಿಂದ ಇರುವೆ, ಗೆದ್ದಲುಗಳನ್ನು ಎಳೆದುಕೊಂಡು ನುಂಗುತ್ತದೆ, ನುಂಗಿದ ಕಲ್ಲುಗಳ ನೆರವಿನಿಂದ ಹೊಟ್ಟೆಯಲ್ಲಿ ಅರೆಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿರುವ ಈ ಜೀವಿಯ ಒಂದು ಚಿಪ್ಪನ್ನೂ ತರಗತಿಗೆ ತರಬಾರದೆಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಆ ಚಿಪ್ಪು ನಮ್ಮ ಉಗುರಿನಂತೆಯೇ ಕೆರಾಟಿನ್. ಅದಕ್ಕಾಗಿ ನಡೆಯುವ ಬೇಟೆ ನನಗೆ ಬಹಳ ನೋವು ತರುವ ಸಂಗತಿ.

ಆಲಮಟ್ಟಿ ಹಿನ್ನೀರಿಗೆ ರಾಜಹಂಸಗಳು ಬಂದಾಗ ದೂರದಿಂದ ಅವನ್ನು ನೋಡಿಸುತ್ತೇನೆ. ತಲೆಯನ್ನು ತಲೆಕೆಳಗಾಗಿ ನೀರಿಗಿಳಿಸಿ, ನಾಲಿಗೆಯಿಂದ ನೀರನ್ನು ಒಳಗೆಳೆದು ಹೊರದೂಡುತ್ತ, ಕೊಕ್ಕಿನಂಚಿನ ಸೂಕ್ಷ್ಮ ಪದರಗಳಲ್ಲಿ ಆಹಾರವನ್ನು ಸೋಸಿಕೊಳ್ಳುವುದು ಅವುಗಳ ರೀತಿ. ಕಡಲನ್ನೇ ಕಾಣದ ಮಕ್ಕಳಿಗೆ ನೀಲಿ ತಿಮಿಂಗಿಲದ ಬಾಯಲ್ಲಿ ಹಲ್ಲಿನ ಬದಲಿಗಿದ್ದು ಆಹಾರ ಸೋಸುವ ಬಲೀನ್ ಫಲಕಗಳನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಆಮೆಯ ಕೊಂಬಿನಂಥ ದವಡೆಯಂಚು, ದಕ್ಷಿಣ ಅಮೆರಿಕದ ಇರುವೆಭಕ್ಷಕದ ನಾಲಿಗೆ ಇವು ಚಿತ್ರಗಳಲ್ಲೇ ಮುಗಿಯುತ್ತವೆ.

ಇವುಗಳ ಪೂರ್ವಜರಿಗೆ ಹಲ್ಲಿತ್ತೇ ಎಂಬ ಪ್ರಶ್ನೆಯನ್ನು ನಾನು ಒಂಬತ್ತನೆಯ ತರಗತಿಯವರಿಗೆ ಮೀಸಲಿಡುತ್ತೇನೆ. ಬಲೀನ್ ತಿಮಿಂಗಿಲದ ಭ್ರೂಣದಲ್ಲಿ ಹಲ್ಲಿನ ಮೊಗ್ಗುಗಳು ಮೂಡಿ, ಹುಟ್ಟುವ ಮುನ್ನವೇ ಕರಗಿಹೋಗುತ್ತವೆ. 48 ಹಕ್ಕಿ ಪ್ರಭೇದಗಳ ಜೀನೋಮ್‌ಗಳನ್ನು, ಅಂದರೆ ಇಡೀ ಆನುವಂಶಿಕ ಮಾಹಿತಿಯನ್ನು, ಹೋಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವು, ಹಕ್ಕಿಗಳ ಪೂರ್ವಜರಲ್ಲಿ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಸುಮಾರು 11.6 ಕೋಟಿ ವರ್ಷಗಳ ಹಿಂದೆ ಇಲ್ಲವಾಯಿತೆಂದು ಅಂದಾಜಿಸಿತು. ಎನಾಮಲ್ ಕಟ್ಟುವ ಜೀನ್‌ಗಳು ಕೆಟ್ಟುಹೋದ ಸ್ಥಿತಿಯಲ್ಲಿ ಹಕ್ಕಿಗಳ ಜೀನೋಮ್‌ನಲ್ಲಿ ಇನ್ನೂ ಉಳಿದಿವೆ. ಇದನ್ನು ಕೇಳಿದ ಮಕ್ಕಳು, ಹಾಗಾದರೆ ಚಿಪ್ಪುಹಂದಿಯಲ್ಲಿಯೂ ಹಾಗೆಯೇ ಇರಬೇಕಲ್ಲವೇ ಎಂದು ಕೇಳುತ್ತಾರೆ. ಅಲ್ಲಿಯೂ ಹಾಗೆಯೇ ಇದೆ.